ಐಷಾರಾಮಿ ಬ್ರ್ಯಾಂಡ್‌ಗಳು ಫಾರ್ಮುಲಾ ಒನ್‌ಗೆ ಸುರಿಯುವ ಹಣ: ಕೊಡುವುದೇಕೆ, ತಂಡಗಳ ಕೈಯಲ್ಲಿ ಅದು ಏನಾಗುತ್ತದೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಫಾರ್ಮುಲಾ ಒನ್ ರೇಸ್‌ಗಳನ್ನು ಸಾಧ್ಯವಾದಷ್ಟೂ ತಪ್ಪಿಸದೆ ನೋಡುವವನು ನಾನು. ಟೈರ್, ಪಿಟ್ ಸ್ಟಾಪ್, ತಂತ್ರಗಾರಿಕೆ ಇವೆಲ್ಲ ಒಂದು ಮಟ್ಟಿಗೆ ಅರ್ಥವಾಗುತ್ತವೆ. ಆದರೆ ಇದರ ಹಿಂದಿನ ವ್ಯಾಪಾರ ಮಾತ್ರ ನನ್ನ ತಲೆಗೆ ಹತ್ತಿಲ್ಲ.

2024ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಎಲ್‌ವಿಎಂಎಚ್ ಸಮೂಹವು ಫಾರ್ಮುಲಾ ಒನ್ ಜೊತೆ 10 ವರ್ಷಗಳ ಒಪ್ಪಂದವನ್ನು ಪ್ರಕಟಿಸಿತು. ಅದರಂತೆ, 2013ರಿಂದ ರೋಲೆಕ್ಸ್ ಬಳಿಯಿದ್ದ ಅಧಿಕೃತ ಸಮಯಪಾಲಕನ ಸ್ಥಾನ 2025ರಿಂದ ಅದೇ ಸಮೂಹದ ಟ್ಯಾಗ್ ಹಾಯರ್‌ಗೆ ಬಂತು, ಗೆದ್ದವರು ನಿಲ್ಲುವ ವೇದಿಕೆಗೆ ಮೊಯೆ ಶಾಂಪೇನ್ ಮರಳಿತು, ಋತುವಿನ ಮೊದಲ ರೇಸ್ ಆದ ಆಸ್ಟ್ರೇಲಿಯನ್ ಗ್ರ್ಯಾನ್ ಪ್ರಿಗೆ ಲೂಯಿ ವಿಟಾನ್ ಹೆಸರು ಸೇರಿತು. ಟಿವಿ ಮುಂದೆ ಕುಳಿತ ಕೋಟ್ಯಂತರ ಜನರಲ್ಲಿ ಲಕ್ಷಗಟ್ಟಲೆ ಬೆಲೆಯ ಕೈಚೀಲವನ್ನೋ ಗಡಿಯಾರವನ್ನೋ ಕೊಳ್ಳುವವರು ಎಷ್ಟು ಮಂದಿ ಇದ್ದಾರು? ಕೊಳ್ಳಲಾರದವರ ಕಣ್ಣಿಗೆ ಬೀಳಲು ಇಷ್ಟು ಖರ್ಚು ಮಾಡುವುದರಲ್ಲಿ ಯಾವ ಲೆಕ್ಕವಿದೆ?

ಇದಕ್ಕೇ ಹೊಂದಿಕೊಂಡ ಇನ್ನೊಂದು ಅನುಮಾನವೂ ಇದೆ. ಇಂತಹ ಒಪ್ಪಂದಗಳಿಂದ ತಂಡಗಳಿಗೆ ನಿಜವಾಗಿಯೂ ಏನು ದಕ್ಕುತ್ತದೆ? 2021ರಿಂದ ತಂಡಗಳ ಖರ್ಚಿಗೆ ಮಿತಿ ಹಾಕಲಾಗಿದೆ ಎಂದು ಓದಿದ್ದೇನೆ. ಖರ್ಚಿಗೇ ಮಿತಿಯಿರುವಾಗ ಹೆಚ್ಚು ಪ್ರಾಯೋಜಕರನ್ನು ಹಿಡಿದು ತಂಡ ಮಾಡುವುದೇನು? ತಿಳಿದವರು ಸ್ವಲ್ಪ ವಿವರವಾಗಿಯೇ ಬರೆದರೆ ಉಪಕಾರವಾಗುತ್ತದೆ.

ಲೆಕ್ಕಿಗ

ತುಂಗಾತೀರ ಅವರೇ, ಮೊದಲು ಎರಡು ಥೈಲಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಒಂದು ಸರಣಿಯದು, ಅಂದರೆ 2017ರಿಂದ ಲಿಬರ್ಟಿ ಮೀಡಿಯಾದ ಒಡೆತನದಲ್ಲಿರುವ ಫಾರ್ಮುಲಾ ಒನ್ ಸಂಸ್ಥೆಯದು. ಇನ್ನೊಂದು ಆಯಾ ತಂಡದ್ದು. ಎಲ್‌ವಿಎಂಎಚ್ ಸಹಿ ಹಾಕಿರುವುದು ಮೊದಲನೆಯದರ ಜೊತೆ. ಒಪ್ಪಂದದ ಮೊತ್ತವನ್ನು ಎರಡೂ ಕಡೆಯವರು ಬಹಿರಂಗಪಡಿಸಲಿಲ್ಲ. ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು.

ಆ ಹಣ ನೇರವಾಗಿ ಯಾವ ತಂಡದ ಖಾತೆಗೂ ಹೋಗುವುದಿಲ್ಲ. ರೇಸ್ ನಡೆಸುವ ಊರುಗಳು ಕೊಡುವ ಶುಲ್ಕ, ಪ್ರಸಾರದ ಹಕ್ಕು, ಪ್ರಾಯೋಜಕತ್ವ ಈ ಮೂರು ಸರಣಿಯ ಮುಖ್ಯ ಆದಾಯ. ಇವೆಲ್ಲ ಒಂದೇ ಕಡೆ ಸೇರಿ, ಖರ್ಚು ಕಳೆದ ಮೇಲೆ, ಸರಣಿಗೂ ತಂಡಗಳಿಗೂ ನಡುವಿನ ಕಾಂಕಾರ್ಡ್ ಒಪ್ಪಂದದ ಸೂತ್ರದಂತೆ ತಂಡಗಳಿಗೆ ಪಾಲು ಹೋಗುತ್ತದೆ. 2024ರಲ್ಲಿ ಫಾರ್ಮುಲಾ ಒನ್‌ನ ಆದಾಯ ಸುಮಾರು 341 ಕೋಟಿ ಡಾಲರ್ ಇತ್ತು, ಅದರಲ್ಲಿ ಸುಮಾರು 126 ಕೋಟಿ ಡಾಲರ್ ಅನ್ನು 10 ತಂಡಗಳಿಗೆ ಹಂಚಲಾಯಿತು. ಲೂಯಿ ವಿಟಾನ್ ಕೊಟ್ಟ ಹಣದಲ್ಲಿ ಒಂದು ಭಾಗ ಹೀಗೆ ಸುತ್ತುಬಳಸಿ ಕೊನೆಯ ಸ್ಥಾನದ ತಂಡಕ್ಕೂ ತಲುಪುತ್ತದೆ.

ಇನ್ನು ಕೊಳ್ಳಲಾರದವರ ಪ್ರಶ್ನೆ. ನೀವು ಕೇಳಿದ್ದನ್ನೇ ಈ ಸರಣಿಯ ಹಿಂದಿನ ಯಜಮಾನ ಬರ್ನಿ ಎಕಲ್‌ಸ್ಟನ್ 2014ರ ಸಂದರ್ಶನವೊಂದರಲ್ಲಿ ಹೇಳಿದ್ದರು. ಹುಡುಗರಿಗೆ ರೋಲೆಕ್ಸ್ ಹೆಸರು ತೋರಿಸಿ ಪ್ರಯೋಜನವೇನು, ಅವರು ಕೊಳ್ಳುತ್ತಾರೆಯೇ, ಕೈಯಲ್ಲಿ ದುಡ್ಡಿರುವ 70 ವರ್ಷದವರು ನೋಡಿದರೆ ತಮಗೆ ಸಾಕು ಎಂಬುದು ಅವರ ಮಾತಿನ ಸಾರವಾಗಿತ್ತು. ಲಿಬರ್ಟಿ ಬಂದ ಮೇಲೆ ಆದದ್ದು ಇದಕ್ಕೆ ತದ್ವಿರುದ್ಧ. ಸಾಮಾಜಿಕ ಜಾಲತಾಣ, ನೆಟ್‌ಫ್ಲಿಕ್ಸ್ ಸರಣಿ, ಮಯಾಮಿ ಮತ್ತು ಲಾಸ್ ವೇಗಸ್ ರೇಸ್‌ಗಳ ಮೂಲಕ ಕಿರಿಯರನ್ನೂ ಮಹಿಳೆಯರನ್ನೂ ಅಮೆರಿಕನ್ನರನ್ನೂ ಕರೆತಂದರು. ಐಷಾರಾಮಿ ಕಂಪನಿಗಳಿಗೆ ಬೇಕಾಗಿದ್ದದ್ದೂ ಇದೇ. ಲಕ್ಷಗಟ್ಟಲೆ ಕೊಟ್ಟು ಗಡಿಯಾರ ಕೊಳ್ಳುವವನಿಗೆ, ಅದು ಎಂತಹ ಗಡಿಯಾರ ಎಂದು ಎದುರಿಗಿರುವವನಿಗೂ ಗೊತ್ತಿರಬೇಕು ಎಂಬ ಆಸೆ ಇರುತ್ತದೆ; ಕೊಳ್ಳಲಾರದ ನೂರು ಮಂದಿ ಆ ಹೆಸರನ್ನು ಗುರುತಿಸುವುದರಿಂದಲೇ ಕೊಳ್ಳುವ ಒಬ್ಬನಿಗೆ ಅದರ ಬೆಲೆ ಸಾರ್ಥಕವೆನಿಸುತ್ತದೆ. ಇದಲ್ಲದೆ, ಈಗ ಇಪ್ಪತ್ತರ ಹರೆಯದಲ್ಲಿ ಆ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡವರು ನಲವತ್ತಕ್ಕೆ ಬಂದಾಗ ಅಂಗಡಿಯ ಬಾಗಿಲು ತಳ್ಳಬಹುದು ಎಂಬ ದೂರದ ಲೆಕ್ಕವೂ ಇದೆ. 10 ವರ್ಷಗಳ ಒಪ್ಪಂದ ಬೇಕಾದದ್ದು ಅದಕ್ಕೇ ಎಂದು ನಾನು ಭಾವಿಸುತ್ತೇನೆ.

ಟಿವಿಯಲ್ಲಿ ಕಾಣದ ಇನ್ನೊಂದು ಭಾಗವಿದೆ. ಪಿಟ್‌ಗಳ, ಅಂದರೆ ತಂಡಗಳ ಗ್ಯಾರೇಜುಗಳ, ಮೇಲಿನ ಮಹಡಿಯಲ್ಲಿ ಪ್ಯಾಡಕ್ ಕ್ಲಬ್ ಎಂಬ ಅತಿಥಿ ಕೊಠಡಿಗಳಿರುತ್ತವೆ. ಅಲ್ಲಿಗೆ ಪ್ರವೇಶ ದರ ಸಾವಿರಾರು ಡಾಲರ್‌ಗಳಲ್ಲಿರುತ್ತದೆ. ಪ್ರಾಯೋಜಕ ಕಂಪನಿ ತನ್ನ ದೊಡ್ಡ ಗಿರಾಕಿಗಳನ್ನು ಅಲ್ಲಿಗೆ ಕರೆತಂದು ಊಟ ಬಡಿಸಿ, ಗ್ಯಾರೇಜಿನೊಳಗೆ ಕರೆದೊಯ್ದು, ಚಾಲಕನ ಕೈ ಕುಲುಕಿಸಿ ಕಳುಹಿಸುತ್ತದೆ. ವರ್ಷಕ್ಕೆ ಕೆಲವೇ ಸಾವಿರ ಗಡಿಯಾರಗಳನ್ನು ಮಾಡುವ ಕಂಪನಿಗೆ ಆ ಕೊಠಡಿಯಲ್ಲಿರುವ ಮೂವತ್ತು ನಲವತ್ತು ಮಂದಿಯೇ ನಿಜವಾದ ಮಾರುಕಟ್ಟೆ. ಕಾರಿನ ಮೇಲಿನ ಹೆಸರು ಆ ಕೊಠಡಿಗೆ ತೋರಣವಿದ್ದಂತೆ.

ಹಳೆಯ ಪ್ರೇಕ್ಷಕ

ಲೆಕ್ಕಿಗರು ವರ್ತಮಾನವನ್ನು ಚೆನ್ನಾಗಿ ಹೇಳಿದ್ದಾರೆ. ಹಿನ್ನೆಲೆಯನ್ನು ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಕಾರಿನ ಮೇಲೆ ಹೆಸರು ಬರೆಸುವ ಪದ್ಧತಿ ಈ ಕ್ರೀಡೆಯೊಂದಿಗೆ ಹುಟ್ಟಿದ್ದಲ್ಲ. 1968ಕ್ಕೆ ಮೊದಲು ಕಾರುಗಳಿಗೆ ದೇಶದ ಬಣ್ಣ ಇರುತ್ತಿತ್ತು: ಬ್ರಿಟನ್ನಿಗೆ ಹಸಿರು, ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ. ಆ ವರ್ಷ ಕಾಲಿನ್ ಚಾಪ್‌ಮನ್ ತಮ್ಮ ಲೋಟಸ್ ಕಾರುಗಳ ಹಸಿರನ್ನು ಅಳಿಸಿ ಗೋಲ್ಡ್ ಲೀಫ್ ಸಿಗರೇಟು ಪ್ಯಾಕಿನ ಕೆಂಪು, ಬಿಳಿ, ಚಿನ್ನದ ಬಣ್ಣ ಬಳಿಸಿದರು. ಮುಂದಿನ ನಾಲ್ಕು ದಶಕ ಈ ಕ್ರೀಡೆಯನ್ನು ಸಾಕಿದ್ದು ತಂಬಾಕು. ಮಾರ್ಲ್‌ಬರೊ ಕಂಪನಿ 1974ರಿಂದ 1996ರವರೆಗೆ ಮೆಕ್ಲಾರೆನ್ ಜೊತೆಗಿತ್ತು, ನಂತರ ಫೆರಾರಿಯ ಪಾಲಾಯಿತು. 2005ರಲ್ಲಿ ಯುರೋಪಿಯನ್ ಒಕ್ಕೂಟದ ತಂಬಾಕು ಜಾಹೀರಾತು ನಿಷೇಧ ಜಾರಿಗೆ ಬಂದ ಮೇಲೂ ಫೆರಾರಿಯ ಮೇಲೆ ಬಾರ್‌ಕೋಡ್‌ನಂತಹ ಪಟ್ಟೆಗಳು 2010ರವರೆಗೆ ಉಳಿದಿದ್ದವು. ತಂಬಾಕು ಬಿಟ್ಟುಹೋದ ಜಾಗಕ್ಕೆ ಬ್ಯಾಂಕು, ದೂರಸಂಪರ್ಕ, ಸಾಫ್ಟ್‌ವೇರ್, ಕ್ರಿಪ್ಟೊ ಕಂಪನಿಗಳು ಒಂದರ ಹಿಂದೆ ಒಂದು ಬಂದವು.

ಗಡಿಯಾರದವರ ಕಥೆ ಇದಕ್ಕೆ ಸಮಾನಾಂತರವಾಗಿ ಹರಿದದ್ದು. ಸ್ವಿಟ್ಜರ್ಲೆಂಡಿನ ಜ್ಯಾಕ್ ಹಾಯರ್ 1969ರಲ್ಲಿ ತಮ್ಮದೇ ದೇಶದ ಚಾಲಕ ಯೊ ಸಿಫರ್ಟ್ ಅವರೊಡನೆ ಒಪ್ಪಂದ ಮಾಡಿಕೊಂಡರು, 1971ರಿಂದ ಫೆರಾರಿಗೆ ಸಮಯ ಅಳೆಯುವ ಉಪಕರಣ ಒದಗಿಸಿದರು. ಆಗ ಗಡಿಯಾರ ಕಂಪನಿಗೆ ರೇಸಿಂಗ್‌ನಲ್ಲಿ ನಿಜವಾದ ಕೆಲಸವಿತ್ತು; ಸೆಕೆಂಡಿನ ಭಾಗಗಳನ್ನು ಅಳೆಯಲು ತಂಡಗಳಿಗೆ ಒಳ್ಳೆಯ ಉಪಕರಣಗಳು ಬೇಕಾಗಿದ್ದವು. 1985ರಲ್ಲಿ ಹಾಯರ್ ಕಂಪನಿಯನ್ನು ಟ್ಯಾಗ್ ಸಮೂಹ ಕೊಂಡಿತು. ಮೆಕ್ಲಾರೆನ್ ತಂಡದಲ್ಲಿ ಪಾಲು ಹೊಂದಿದ್ದದ್ದೂ, 1984ರಿಂದ 1986ರವರೆಗೆ ಅದರ ಚಾಲಕರಾದ ಲೌಡಾ ಮತ್ತು ಪ್ರಾಸ್ಟ್ ಅವರಿಗೆ ಪ್ರಶಸ್ತಿ ತಂದುಕೊಟ್ಟ ಪೋರ್ಷೆ ಎಂಜಿನ್‌ಗೆ ಹಣ ಹೂಡಿದ್ದದ್ದೂ ಇದೇ ಸಮೂಹ. 1999ರಲ್ಲಿ ಟ್ಯಾಗ್ ಹಾಯರ್ ಎಲ್‌ವಿಎಂಎಚ್ ಕೈಸೇರಿತು. ಹೀಗಾಗಿ 2025ರಲ್ಲಿ ಆ ಸಮೂಹ ಫಾರ್ಮುಲಾ ಒನ್‌ಗೆ ಹೊಸದಾಗಿ ಕಾಲಿಟ್ಟಿತು ಎನ್ನುವುದು ಪೂರ್ತಿ ಸರಿಯಲ್ಲ.

ಒಂದು ಸಂಗತಿಯನ್ನು ಮಾತ್ರ ಗಮನಿಸಿ. ಈಗ ತಂಡಗಳ ಹೆಸರಿನಲ್ಲಿ ಸೇರಿರುವ ಪ್ರಾಯೋಜಕರು ಯಾರು? ಮರ್ಸಿಡಿಸ್‌ಗೆ ಪೆಟ್ರೊನಾಸ್, ರೆಡ್ ಬುಲ್‌ಗೆ ಒರಾಕಲ್, ಫೆರಾರಿಗೆ ಎಚ್‌ಪಿ, ಆಸ್ಟನ್ ಮಾರ್ಟಿನ್‌ಗೆ ಅರಾಮ್ಕೊ. ತೈಲ ಮತ್ತು ತಂತ್ರಜ್ಞಾನದ ಹಣ ಅಲ್ಲಿದೆ, ಗಡಿಯಾರ ಅಥವಾ ಉಡುಪಿನ ಕಂಪನಿ ಒಂದೂ ಇಲ್ಲ. ಅವರು ಕಡಿಮೆ ಹಣ ಕೊಟ್ಟು ಸಣ್ಣ, ಆದರೆ ಆಯ್ದ ಜಾಗಗಳನ್ನು ಹಿಡಿಯುತ್ತಾರೆ. ಮರ್ಸಿಡಿಸ್ ಚಾಲಕರ ಕೈಗವಸಿನ ಮಣಿಕಟ್ಟಿನ ಮೇಲೆ ಐಡಬ್ಲ್ಯುಸಿ ಗಡಿಯಾರದ ಚಿತ್ರವನ್ನೇ ಮುದ್ರಿಸಿದ್ದುಂಟು. ಕಾರಿನ ಮೇಲಿನ ಕ್ಯಾಮೆರಾ ಸ್ಟಿಯರಿಂಗ್ ತೋರಿಸಿದಾಗಲೆಲ್ಲ ಕೈಗೆ ಗಡಿಯಾರ ಕಟ್ಟಿಕೊಂಡಂತೆಯೇ ಕಾಣುತ್ತಿತ್ತು. ರೇಸ್ ಮುಗಿದು ಚಾಲಕ ಹೆಲ್ಮೆಟ್ ತೆಗೆಯುತ್ತಿದ್ದಂತೆ ತಂಡದ ಸಹಾಯಕರು ಮೊದಲು ಟೋಪಿ, ಆಮೇಲೆ ಗಡಿಯಾರ ಕೊಡುತ್ತಾರೆ. ಅದನ್ನು ಕಟ್ಟಿಕೊಂಡ ನಂತರವೇ ಸಂದರ್ಶನ. ಮುಂದಿನ ರೇಸಿನಲ್ಲಿ ನೋಡಿ, ನೀರಿನ ಬಾಟಲಿಗಿಂತ ಮೊದಲು ಟೋಪಿ ಬಂದರೂ ಬರಬಹುದು.

ಉಡುಪಿನ ಕಂಪನಿ ಇದಕ್ಕಿಂತ ಮುಂದೆ ಹೋದ ಒಂದೇ ದೊಡ್ಡ ಉದಾಹರಣೆ ಇಟಲಿಯ ಬೆನೆಟನ್. 1983ರಲ್ಲಿ ಟೈರೆಲ್ ತಂಡಕ್ಕೆ ಪ್ರಾಯೋಜಕರಾಗಿ ಬಂದವರು, ಟೋಲ್‌ಮನ್ ತಂಡವನ್ನೇ ಕೊಂಡು 1986ರಿಂದ ತಮ್ಮ ಹೆಸರಿನಲ್ಲಿ ಓಡಿಸಿದರು. ಷುಮಾಕರ್ 1994 ಮತ್ತು 1995ರಲ್ಲಿ ಪ್ರಶಸ್ತಿ ಗೆದ್ದದ್ದು ಸ್ವೆಟರ್ ಮಾರುವವರ ತಂಡದಲ್ಲಿ. 2000ದಲ್ಲಿ ಅದನ್ನು ರೆನೊಗೆ ಮಾರಿದರು.

ನೇತ್ರಾವತಿ

ಇಬ್ಬರ ಬರಹವನ್ನೂ ಓದಿದೆ. ಎಲ್ಲವೂ ಲೆಕ್ಕಾಚಾರದಂತೆಯೇ ನಡೆಯುತ್ತದೆ ಎಂಬ ಭಾವನೆ ಬರುವಂತಿದೆ, ಅದಕ್ಕೆ ನನ್ನ ತಕರಾರಿದೆ.

2004ರ ಮೊನಾಕೊ ಗ್ರ್ಯಾನ್ ಪ್ರಿಯಲ್ಲಿ ಜಾಗ್ವಾರ್ ತಂಡ ಒಂದು ಹಾಲಿವುಡ್ ಚಿತ್ರದ ಪ್ರಚಾರಕ್ಕಾಗಿ ಸ್ಟೈನ್‌ಮೆಟ್ಸ್ ವಜ್ರ ಕಂಪನಿಯ ಜೊತೆ ಸೇರಿ ಕಾರುಗಳ ಮೂತಿಗೆ ನಿಜವಾದ ವಜ್ರ ಕೂರಿಸಿತ್ತು. ಕ್ರಿಸ್ಟಿಯನ್ ಕ್ಲೀನ್ ಅವರ ಕಾರು ಮೊದಲ ಸುತ್ತಿನಲ್ಲೇ ತಡೆಗೋಡೆಗೆ ಬಡಿಯಿತು. ಸುಮಾರು 3 ಲಕ್ಷ ಡಾಲರ್ ಬೆಲೆಯದೆಂದು ವರದಿಯಾದ ಆ ವಜ್ರ ಮತ್ತೆ ಸಿಗಲೇ ಇಲ್ಲ. ವಿಮೆಯನ್ನೂ ಮಾಡಿಸಿರಲಿಲ್ಲವಂತೆ. ಅದೇ ವರ್ಷ ನವೆಂಬರ್‌ನಲ್ಲಿ ಫೋರ್ಡ್ ಕಂಪನಿ ಆ ತಂಡವನ್ನು ರೆಡ್ ಬುಲ್‌ಗೆ ಮಾರಿದ್ದು ನಾಮಮಾತ್ರದ 1 ಡಾಲರ್‌ಗೆ ಎಂದು ಹೇಳುತ್ತಾರೆ. ಮೂತಿಯ ಮೇಲಿನ ಕಲ್ಲಿಗಿದ್ದ ಬೆಲೆ ತಂಡಕ್ಕಿರಲಿಲ್ಲ.

ಪ್ರಾಯೋಜಕರನ್ನು ನಂಬಿ ಕೆಟ್ಟವರೂ ಇದ್ದಾರೆ. 2019ರಲ್ಲಿ ಹಾಸ್ ತಂಡ ರಿಚ್ ಎನರ್ಜಿ ಎಂಬ ಪೇಯದ ಕಂಪನಿಯ ಹೆಸರು ಹೊತ್ತು, ಕಾರಿಗೆ ಕಪ್ಪು ಮತ್ತು ಚಿನ್ನದ ಬಣ್ಣ ಬಳಿಯಿತು; ನೋಡಲು ಐಷಾರಾಮಿಯಾಗಿಯೇ ಇತ್ತು. ಜುಲೈನಲ್ಲಿ ಕಂಪನಿಯ ಟ್ವಿಟರ್ ಖಾತೆಯಿಂದ ಒಪ್ಪಂದ ರದ್ದು ಎಂಬ ಸಂದೇಶ ಬಂತು, ಸೆಪ್ಟೆಂಬರ್‌ನಲ್ಲಿ ಸಂಬಂಧ ಮುಗಿಯಿತು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಕ್ರಿಪ್ಟೊ ವಿನಿಮಯ ಕೇಂದ್ರ ಕುಸಿದಾಗ ಮರ್ಸಿಡಿಸ್ ತನ್ನ ಕಾರಿನಿಂದ ಆ ಹೆಸರನ್ನು ಬ್ರೆಜಿಲ್ ರೇಸಿನ ಹೊತ್ತಿಗೆ ಅಳಿಸಬೇಕಾಯಿತು.

ನಮ್ಮ ಬೆಂಗಳೂರಿನ ನಂಟನ್ನೂ ಮರೆಯಬಾರದು. 2007ರಲ್ಲಿ ವಿಜಯ್ ಮಲ್ಯ ಮತ್ತು ಡಚ್ ಉದ್ಯಮಿ ಮಿಖಿಯೆಲ್ ಮೋಲ್ ಸೇರಿ ಸ್ಪೈಕರ್ ತಂಡವನ್ನು 8.8 ಕೋಟಿ ಯೂರೊಗೆ ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಚಾಲಕ ಫಿಸಿಕೆಲ್ಲ ಪೋಲ್ (ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ) ಪಡೆದು ಎರಡನೆಯವರಾಗಿ ಬಂದ ದಿನ ಇಲ್ಲಿನ ಅಭಿಮಾನಿಗಳಿಗೆ ಹಬ್ಬವಾಗಿತ್ತು. ಆದರೆ ಕಾರಿನ ಮೇಲಿದ್ದ ಕಿಂಗ್‌ಫಿಷರ್, ವೈಟ್ ಅಂಡ್ ಮೆಕೆ ಹೆಸರುಗಳು ಮಾಲೀಕರ ಸ್ವಂತ ಸಮೂಹದವು. ಮದ್ಯದ ಜಾಹೀರಾತಿಗೆ ನಮ್ಮ ಟಿವಿಯಲ್ಲಿ ನಿಷೇಧವಿರುವಾಗ ಆ ಹೆಸರು ಪರದೆಯ ಮೇಲೆ ಸುತ್ತುತ್ತಿತ್ತು ಎಂಬುದರಲ್ಲಿ ಒಂದು ಜಾಣತನ ಇದ್ದದ್ದು ನಿಜ. ಆದರೂ ತನ್ನ ಎಡಗೈಯಿಂದ ಬಲಗೈಗೆ ಕೊಡುವ ಹಣವನ್ನು ಮಾರುಕಟ್ಟೆಯ ಪ್ರಾಯೋಜಕತ್ವ ಎನ್ನಲಾಗದು. 2012ರಲ್ಲಿ ಮಲ್ಯ ಅವರ ಕಿಂಗ್‌ಫಿಷರ್ ವಿಮಾನಯಾನ ನಿಂತಿತು, 2011ರಲ್ಲಿ 10 ಕೋಟಿ ಡಾಲರ್‌ಗೆ ಪಾಲು ಪಡೆದಿದ್ದ ಸಹಾರಾ ಸಮೂಹವೂ ತೊಂದರೆಗೆ ಸಿಲುಕಿತು. ವಿಚಿತ್ರವೆಂದರೆ, ಇಷ್ಟರ ನಡುವೆಯೂ ತಂಡ 2016 ಮತ್ತು 2017ರಲ್ಲಿ ನಾಲ್ಕನೆಯ ಸ್ಥಾನ ಗಳಿಸಿತು. ಓಟದಲ್ಲಿ ಮುಂದಿದ್ದ ತಂಡವೇ 2018ರ ಜುಲೈನಲ್ಲಿ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. 405 ನೌಕರರ ಕೆಲಸ ಉಳಿದದ್ದು ಲಾರೆನ್ಸ್ ಸ್ಟ್ರೋಲ್ ಅವರ ಕೂಟ ಅದನ್ನು ಕೊಂಡದ್ದರಿಂದ.

ತುಂಗಾತೀರ

ಮೂವರಿಗೂ ಧನ್ಯವಾದ. ವಜ್ರದ ಸಂಗತಿ ನನಗೆ ಗೊತ್ತೇ ಇರಲಿಲ್ಲ.

ಆದರೆ ನನ್ನ ಪ್ರಶ್ನೆಯ ಎರಡನೆಯ ಭಾಗಕ್ಕೆ ಇನ್ನೂ ಉತ್ತರ ಬಂದಿಲ್ಲ. ಖರ್ಚಿನ ಮಿತಿಯ ಮೇಲೆ ಬರುವ ಹಣ ಎಲ್ಲಿ ಹೋಗುತ್ತದೆ? ಹಾಗೆಯೇ, ಟ್ಯಾಗ್ ಹಾಯರ್ ಇಡೀ ಸರಣಿಯ ಸಮಯಪಾಲಕನಾದ ಮೇಲೆ ಬೇರೆ ಗಡಿಯಾರ ಕಂಪನಿಗಳ ಜೊತೆ ತಂಡಗಳಿಗಿರುವ ಒಪ್ಪಂದಗಳಿಗೆ ಅಡ್ಡಿಯಾಗುವುದಿಲ್ಲವೇ?

ಲೆಕ್ಕಿಗ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಚಿಕ್ಕದು. ಅಡ್ಡಿಯಿಲ್ಲ. ಸರಣಿಯ ಒಪ್ಪಂದ ಟ್ರ್ಯಾಕ್ ಬದಿಯ ಫಲಕ, ಪರದೆಯ ಮೇಲಿನ ಸಮಯ, ವೇದಿಕೆ ಇಂತಹ ಜಾಗಗಳಿಗೆ ಸಂಬಂಧಿಸಿದ್ದು. ಕಾರು ಮತ್ತು ಚಾಲಕನ ಉಡುಪು ತಂಡದ ಸೊತ್ತು. ಆದ್ದರಿಂದಲೇ 2025ರಲ್ಲೂ ಮರ್ಸಿಡಿಸ್ ಜೊತೆ ಐಡಬ್ಲ್ಯುಸಿ, ಫೆರಾರಿ ಜೊತೆ ರಿಚರ್ಡ್ ಮಿಲ್ ಮುಂದುವರಿದವು. ರೋಲೆಕ್ಸ್‌ನ ಸೋದರ ಸಂಸ್ಥೆ ಟ್ಯೂಡರ್ 2024ರಲ್ಲೇ ರೆಡ್ ಬುಲ್‌ನ ಕಿರಿಯ ತಂಡದೊಂದಿಗೆ ಸೇರಿಕೊಂಡಿತ್ತು. ದೊಡ್ಡಣ್ಣ ಹೊರಗೆ ಹೋದರೂ ತಮ್ಮ ಒಳಗೇ ಇದ್ದಾನೆ.

ಈಗ ಮಿತಿಯ ವಿಷಯ. 2021ರಲ್ಲಿ ಅದು 14.5 ಕೋಟಿ ಡಾಲರ್ ಇತ್ತು, 2023ರ ಹೊತ್ತಿಗೆ ಮೂಲ ಮೊತ್ತ 13.5 ಕೋಟಿಗೆ ಇಳಿಯಿತು, ಹಣದುಬ್ಬರಕ್ಕೆ ಮತ್ತು ಹೆಚ್ಚುವರಿ ರೇಸ್‌ಗಳಿಗೆ ಹೊಂದಾಣಿಕೆ ಬೇರೆ. ಇದನ್ನು ಮೀರಿದರೆ ದಂಡವಿದೆ: 2021ರ ಲೆಕ್ಕದಲ್ಲಿ ಮಿತಿ ಮೀರಿದ ರೆಡ್ ಬುಲ್ 70 ಲಕ್ಷ ಡಾಲರ್ ಕಟ್ಟಿದ್ದಲ್ಲದೆ, ವಿಂಡ್ ಟನೆಲ್ ಮುಂತಾದ ವಾಯುಚಲನ ಪರೀಕ್ಷೆಯ ಸಮಯದಲ್ಲಿ ಶೇಕಡ 10ರಷ್ಟನ್ನು ಕಳೆದುಕೊಂಡಿತು. ಆದರೆ ಚಾಲಕರ ಸಂಬಳ, ಅತಿ ಹೆಚ್ಚು ಸಂಬಳ ಪಡೆಯುವ ಮೂವರ ಸಂಬಳ, ಪ್ರಯಾಣ ಮತ್ತು ಮಾರುಕಟ್ಟೆ ಪ್ರಚಾರದ ವೆಚ್ಚ ಈ ಮಿತಿಯೊಳಗೆ ಬರುವುದಿಲ್ಲ. ಮೊನಾಕೊದಲ್ಲಿ ಗಿರಾಕಿಗಳಿಗೆ ಔತಣ ಕೊಡುವ ಖರ್ಚು ಕಾರಿನ ಲೆಕ್ಕಕ್ಕೆ ಸೇರದಿರುವುದು ಐಷಾರಾಮಿ ಪ್ರಾಯೋಜಕರಿಗೆ ಹೇಳಿ ಮಾಡಿಸಿದಂತಿದೆ.

ಇಷ್ಟು ಕಳೆದ ಮೇಲೂ ಉಳಿಯುವುದು ಲಾಭ. ಹಿಂದೆ ತಂಡವೆಂದರೆ ಬಂದ ಹಣವನ್ನೆಲ್ಲ ನುಂಗುವ ಬಾಯಿ. ಒಂದು ಪೌಂಡ್ ಹೆಚ್ಚು ಬಂದರೆ ಅದೂ ವಿಂಡ್ ಟನೆಲ್‌ಗೆ ಹೋಗುತ್ತಿತ್ತು, ಏಕೆಂದರೆ ಪಕ್ಕದ ತಂಡವೂ ಹಾಗೆಯೇ ಮಾಡುತ್ತಿತ್ತು. 2009ರ ಆರಂಭದಲ್ಲಿ ಹೊಂಡಾ ತನ್ನ ತಂಡವನ್ನು ಅದರ ಮುಖ್ಯಸ್ಥ ರಾಸ್ ಬ್ರಾನ್ ಅವರಿಗೆ 1 ಪೌಂಡ್‌ಗೆ ಒಪ್ಪಿಸಿತ್ತು. ಅದೇ ಇಂದಿನ ಮರ್ಸಿಡಿಸ್ ತಂಡ, 2023ರಲ್ಲಿ ಅದರ ವಹಿವಾಟು 50 ಕೋಟಿ ಪೌಂಡ್ ದಾಟಿ, ತೆರಿಗೆಯ ನಂತರ 8 ಕೋಟಿ ಪೌಂಡ್‌ಗೂ ಹೆಚ್ಚು ಲಾಭ ಉಳಿದಿತ್ತು. ಮಿತಿ ಹಾಕಿದ್ದು ಸಣ್ಣ ತಂಡಗಳನ್ನು ಉಳಿಸಲಿಕ್ಕೆ ಎಂದು ಹೇಳಲಾಗಿತ್ತು, ಅದು ಸುಳ್ಳಲ್ಲ. ಆದರೆ ಅದರಿಂದ ಹೆಚ್ಚು ಗೆದ್ದವರು ತಂಡಗಳ ಮಾಲೀಕರು ಎಂದು ನನಗನಿಸುತ್ತದೆ.

ಲಾಭಕ್ಕಿಂತಲೂ ದೊಡ್ಡದು ತಂಡದ ಬೆಲೆ. 2020ರಲ್ಲಿ ವಿಲಿಯಮ್ಸ್ ಕುಟುಂಬ ತನ್ನ ತಂಡವನ್ನು ಹೂಡಿಕೆ ಸಂಸ್ಥೆ ಡೊರಿಲ್ಟನ್ ಕ್ಯಾಪಿಟಲ್‌ಗೆ ಮಾರಿದ್ದು 15.2 ಕೋಟಿ ಯೂರೊಗೆ. ಅದೇ ವರ್ಷದ ಕೊನೆಯಲ್ಲಿ ಹೂಡಿಕೆದಾರರು ಮೆಕ್ಲಾರೆನ್ ತಂಡದಲ್ಲಿ ಪಾಲು ಕೊಂಡಾಗ ಅದರ ಬೆಲೆಯನ್ನು 56 ಕೋಟಿ ಪೌಂಡ್ ಎಂದು ಅಂದಾಜಿಸಲಾಗಿತ್ತು. 2025ರಲ್ಲಿ ಆ ಪಾಲು ಕೈಬದಲಾದಾಗ ವರದಿಯಾದ ಬೆಲೆ 300 ಕೋಟಿ ಪೌಂಡ್‌ಗೂ ಹೆಚ್ಚು. ಹೊಸಬರು ಒಳಬರುವುದೂ ಸುಲಭವಲ್ಲ: 2021ರ ಕಾಂಕಾರ್ಡ್ ಒಪ್ಪಂದದಲ್ಲಿ ಹೊಸ ತಂಡ ಹಳೆಯ ತಂಡಗಳಿಗೆ ಹಂಚಬೇಕಾದ ಪ್ರವೇಶ ಶುಲ್ಕ 20 ಕೋಟಿ ಡಾಲರ್ ಇತ್ತು, 2026ರಿಂದ ಬಂದ ಕ್ಯಾಡಿಲಾಕ್ 45 ಕೋಟಿ ಡಾಲರ್ ಕಟ್ಟಿತೆಂದು ವರದಿಗಳು ಹೇಳುತ್ತವೆ. ಮಾರಾಟದ ಮಾತುಕತೆಗೆ ಕುಳಿತಾಗ, ಕಾರಿನ ಮೇಲೆ ಯಾವ ದರ್ಜೆಯ ಹೆಸರುಗಳಿವೆ, ಅವು ಎಷ್ಟು ವರ್ಷದ ಒಪ್ಪಂದಗಳು ಎಂಬುದೂ ಬೆಲೆಯ ಭಾಗವಾಗುತ್ತದೆ. ಒಂದು ಗಡಿಯಾರ ಕಂಪನಿ ಕೊಡುವ ಹಣ ಚಿಕ್ಕದಾಗಿದ್ದರೂ ಅದರ ಹೆಸರನ್ನು ತಂಡ ಬಿಡದಿರುವುದಕ್ಕೆ ಇದೂ ಕಾರಣ.

ನೇತ್ರಾವತಿ ಅವರ ಫೋರ್ಸ್ ಇಂಡಿಯಾ ಮಾತಿಗೆ ಇಲ್ಲಿಯೇ ಕೊಂಡಿ ಸಿಗುತ್ತದೆ. ಅದನ್ನು ಕೊಂಡ ಲಾರೆನ್ಸ್ ಸ್ಟ್ರೋಲ್ ತಮ್ಮ ಸಂಪತ್ತು ಗಳಿಸಿದ್ದು ಟಾಮಿ ಹಿಲ್‌ಫಿಗರ್, ಮೈಕಲ್ ಕೋರ್ಸ್ ಎಂಬ ಉಡುಪಿನ ಬ್ರ್ಯಾಂಡ್‌ಗಳಲ್ಲಿ ಹೂಡಿಕೆ ಮಾಡಿ. ಮೊದಲು ತಂಡವನ್ನು ಕೊಂಡರು, ಆಮೇಲೆ 2020ರಲ್ಲಿ ಆಸ್ಟನ್ ಮಾರ್ಟಿನ್ ಕಾರು ಕಂಪನಿಯಲ್ಲಿ ದೊಡ್ಡ ಪಾಲು ಪಡೆದರು, 2021ರಲ್ಲಿ ತಂಡಕ್ಕೆ ಆ ಹೆಸರಿಟ್ಟರು. ಪ್ರಾಯೋಜಕ ಹೊರಗಿನಿಂದ ಬರಬೇಕಾದ ಅಗತ್ಯವೇ ಇಲ್ಲ, ತಂಡವೇ ಐಷಾರಾಮಿ ಸರಕಿನ ಪ್ರಚಾರವಾಗುತ್ತದೆ ಎಂಬ ಲೆಕ್ಕ ಅದು. ಮಲ್ಯ ಅವರೂ ತಂಡದ ಮೇಲೆ ತಮ್ಮದೇ ಸರಕಿನ ಹೆಸರು ಬರೆಸಿದ್ದರು. ಆದರೆ ಅವರ ಕಾಲಕ್ಕೆ ಖರ್ಚಿಗೆ ಮಿತಿಯಿರಲಿಲ್ಲ, ತಂಡಕ್ಕೆ ಈ ಬೆಲೆಯೂ ಇರಲಿಲ್ಲ.

ಈ ಲೆಕ್ಕದ ಮೂಲ ಮಾದರಿ ಫೆರಾರಿ. ಆ ಕಂಪನಿ ರಸ್ತೆ ಕಾರುಗಳಿಗಾಗಿ ಸಾಮಾನ್ಯ ಜಾಹೀರಾತನ್ನು ಬಹುಮಟ್ಟಿಗೆ ಮಾಡುವುದೇ ಇಲ್ಲ, ರೇಸ್ ತಂಡವೇ ಜಾಹೀರಾತು. 2024ರಲ್ಲಿ ಅದು ಮಾರಿದ್ದು 13,752 ಕಾರುಗಳನ್ನು. ಒಟ್ಟು ಆದಾಯ ಸುಮಾರು 668 ಕೋಟಿ ಯೂರೊ, ಅದರಲ್ಲಿ ಪ್ರಾಯೋಜಕತ್ವ, ರೇಸಿಂಗ್‌ನಿಂದ ಬರುವ ವಾಣಿಜ್ಯ ಆದಾಯ ಮತ್ತು ಬ್ರ್ಯಾಂಡ್ ಬಾಬತ್ತಿನಲ್ಲಿ ಬಂದದ್ದು 67 ಕೋಟಿ ಯೂರೊ. ಬೇರೆಯವರು ಜಾಹೀರಾತಿಗೆಂದು ಖರ್ಚು ಬರೆಯುವ ಕಡೆ ಫೆರಾರಿ ಆದಾಯ ಬರೆಯುತ್ತದೆ.

ನೇತ್ರಾವತಿ

ಲೆಕ್ಕಿಗರ ವಿವರಣೆಯನ್ನು ಒಪ್ಪುತ್ತೇನೆ. ಒಂದು ಮಾತು ಉಳಿದಿದೆ, ಮೊಯೆ ಶಾಂಪೇನ್ ವೇದಿಕೆಗೆ ಮರಳಿತು ಎಂದು ತುಂಗಾತೀರ ಅವರು ಬರೆದಿದ್ದಾರಲ್ಲ. ಆದರೆ ಬಹರೇನ್‌ನಲ್ಲಿ ಗೆದ್ದವರು ಚಿಮ್ಮಿಸುವುದು ಮದ್ಯವಿಲ್ಲದ, ಗುಲಾಬಿ ನೀರು ಬೆರೆಸಿದ ಪೇಯವನ್ನು. 2025ರಲ್ಲಿ ಕೊಲ್ಲಿ ದೇಶಗಳಲ್ಲೇ ನಾಲ್ಕು ರೇಸ್‌ಗಳಿದ್ದವು, ಅತಿ ಹೆಚ್ಚು ಆತಿಥ್ಯ ಶುಲ್ಕ ಕೊಡುವವರಲ್ಲಿ ಅವರೂ ಸೇರಿದ್ದಾರೆ. ಶಾಂಪೇನ್ ಮಾರುವವರು ಒಪ್ಪಂದಕ್ಕೆ ಕುಳಿತಾಗ ಆ ರೇಸ್‌ಗಳ ವೇದಿಕೆಗೆ ಎಷ್ಟು ಬೆಲೆ ಕಟ್ಟಿರಬಹುದೋ ಏನೋ.